ಬೆಂಗಳೂರಿನ ಮನೆಯಲ್ಲಿ ಸಣ್ಣ ಅಕ್ವಾಪೋನಿಕ್ಸ್: ಕಟ್ಟುವ ಬಗೆ, ಕೆಟ್ಟಾಗ ಸರಿಪಡಿಸುವ ಬಗೆ

ಮೀನಿನ ತೊಟ್ಟಿಯ ನೀರನ್ನು ಗಿಡಗಳ ಬೇರಿಗೆ ಹಾಯಿಸಿ, ಗಿಡಗಳು ಅದರ ಸಾರವನ್ನು ಹೀರಿಕೊಂಡ ಮೇಲೆ ಅದೇ ನೀರನ್ನು ಮತ್ತೆ ತೊಟ್ಟಿಗೆ ಮರಳಿಸುವ ಪದ್ಧತಿಯನ್ನು ಅಕ್ವಾಪೋನಿಕ್ಸ್ ಎನ್ನುತ್ತಾರೆ. ಮೀನಿನ ಕಿವಿರುಗಳಿಂದಲೂ ಮಲದಿಂದಲೂ ನೀರಿಗೆ ಅಮೋನಿಯಾ ಸೇರುತ್ತದೆ. ಗಿಡಗಳನ್ನು ನೆಟ್ಟ ಜಲ್ಲಿಕಲ್ಲಿನ ಮೈಗೆ ಅಂಟಿಕೊಂಡು ಬದುಕುವ ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ. ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ಮೀನಿಗೆ ವಿಷ, ಮೂರನೆಯದು ಗಿಡಕ್ಕೆ ಗೊಬ್ಬರ. ಡ್ರಮ್ಮು, ಪೈಪು, ಪಂಪುಗಳನ್ನು ಜೋಡಿಸಲು ಒಂದು ಭಾನುವಾರ ಸಾಕು. ಕಣ್ಣಿಗೆ ಕಾಣದ ಈ ಬ್ಯಾಕ್ಟೀರಿಯಾಗಳು ನೆಲೆಯೂರಲು ಮಾತ್ರ ವಾರಗಟ್ಟಲೆ ಬೇಕು.

ನಮ್ಮ ಊರಿನಲ್ಲಿ ಈ ವ್ಯವಸ್ಥೆ ಕೈಕೊಡುವುದಕ್ಕೆ ಹೆಚ್ಚಾಗಿ ಮೂರು ಕಾರಣಗಳಿವೆ: ನಲ್ಲಿಯಲ್ಲಿ ಬರುವ ನೀರು ಯಾವುದೆಂದು ತಿಳಿಯದೆ ತುಂಬಿಸುವುದು, ತಾರಸಿ ಎಷ್ಟು ಭಾರ ತಾಳುತ್ತದೆಂದು ಯೋಚಿಸದಿರುವುದು, ಕರೆಂಟು ಹೋದಾಗ ಏನು ಮಾಡಬೇಕೆಂದು ಮೊದಲೇ ಏರ್ಪಾಡು ಮಾಡಿಕೊಳ್ಳದಿರುವುದು. ಆದ್ದರಿಂದ ಮೀನಿನ ಆಯ್ಕೆಗಿಂತ ಮೊದಲು ಇವುಗಳ ಬಗ್ಗೆಯೇ ಬರೆಯುತ್ತೇನೆ.

ಅಳತೆ ಮತ್ತು ಜಾಗ

ಮೊದಲ ಬಾರಿಗೆ ಮಾಡುವವರಿಗೆ 500 ಲೀಟರಿನ ಮೀನಿನ ತೊಟ್ಟಿ ಮತ್ತು ಒಂದೂವರೆ ಚದರ ಮೀಟರ್ ವಿಸ್ತಾರದ, 30 ಸೆಂ.ಮೀ. ಆಳದ ಜಲ್ಲಿಯ ಮಡಿ ಸರಿಯಾದ ಜೋಡಿ. ಇದಕ್ಕಿಂತ ಚಿಕ್ಕದು ಸುಲಭವೆಂದು ತೋರಿದರೂ ನೀರು ಕಡಿಮೆಯಾದಷ್ಟೂ ಬಿಸಿಲಿಗೆ ಬೇಗ ಕಾಯುತ್ತದೆ, ಒಂದು ಮೀನು ಸತ್ತರೂ ಇಡೀ ತೊಟ್ಟಿ ಕೆಡುತ್ತದೆ. ಸೊಪ್ಪಿನ ಬೆಳೆಗೆ ಒಂದು ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ ಮೀನಿನ ಆಹಾರದಿಂದ ಬರುವ ಸಾರ ಬೇಕಾಗುತ್ತದೆ. ಅಂದರೆ ನಮ್ಮ ಮಡಿಗೆ ದಿನಕ್ಕೆ 60ರಿಂದ 75 ಗ್ರಾಂ. ಸುಮಾರು ಐದು ಕಿಲೋ ಮೀನುಗಳು ತಿನ್ನುವುದು ಹೆಚ್ಚುಕಡಿಮೆ ಇಷ್ಟೇ, ಮತ್ತು 500 ಲೀಟರ್ ನೀರಿನಲ್ಲಿ ಗಾಳಿಯಂತ್ರವಿದ್ದರೆ ಐದು ಕಿಲೋ ಮೀನು ನೆಮ್ಮದಿಯಾಗಿ ಇರಬಲ್ಲದು. ಈ ಮೂರೂ ಲೆಕ್ಕಗಳು ಒಂದಕ್ಕೊಂದು ಹೊಂದಿಕೊಂಡಿವೆ. ಒಂದನ್ನು ಹೆಚ್ಚಿಸಿದರೆ ಉಳಿದೆರಡನ್ನೂ ಹೆಚ್ಚಿಸಬೇಕು.

ಈಗ ಭಾರದ ಮಾತು. ಜಲ್ಲಿ ಒಂದು ಘನ ಮೀಟರಿಗೆ ಸುಮಾರು 1,600 ಕಿಲೋ ತೂಗುತ್ತದೆ. ಅದರ ಸಂದುಗಳಲ್ಲಿ ತುಂಬುವ ನೀರನ್ನೂ ಸೇರಿಸಿದರೆ 30 ಸೆಂ.ಮೀ. ಆಳದ ಮಡಿ ಚದರ ಮೀಟರಿಗೆ 600 ಕಿಲೋ ಮುಟ್ಟುತ್ತದೆ. ಜನ ಓಡಾಡುವ ತಾರಸಿಗೆ ಐ.ಎಸ್. 875 ಎಂಬ ಭಾರತೀಯ ಮಾನದಂಡ ಇಟ್ಟುಕೊಂಡಿರುವ ಚಲಭಾರ, ಅಂದರೆ ಕಟ್ಟಡದ ಸ್ವಂತ ತೂಕ ಬಿಟ್ಟು ಮೇಲೆ ಬೀಳುವ ಭಾರ, ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋ ಮಾತ್ರ. ಮೂವತ್ತು–ನಲವತ್ತರ ಸೈಟಿನಲ್ಲಿ ಮೇಸ್ತ್ರಿಯ ಅಂದಾಜಿನ ಮೇಲೆ ಎದ್ದ ಮನೆಗಳು ಈ ಊರಿನಲ್ಲಿ ಎಷ್ಟಿವೆಯೆಂದು ನಮಗೆಲ್ಲ ಗೊತ್ತು. ಹಾಗಾಗಿ ನಾಲ್ಕೈದು ಗಂಟೆ ಬಿಸಿಲು ಬೀಳುವುದಾದರೆ ಮನೆಯ ಪಕ್ಕದ ಓಣಿ, ಪೋರ್ಟಿಕೋದ ಅಂಚು, ಹಿತ್ತಲು ಹೀಗೆ ನೆಲದ ಮೇಲಿನ ಜಾಗವನ್ನೇ ಆರಿಸಿಕೊಳ್ಳಿ. ತಾರಸಿಯೇ ಗತಿಯೆಂದಾದರೆ ಜಲ್ಲಿಯ ಬದಲು ಹಗುರವಾದ ಸುಟ್ಟ ಜೇಡಿಯ ಉಂಡೆಗಳನ್ನು ಬಳಸಿ, ಭಾರವೆಲ್ಲ ತೊಲೆ ಮತ್ತು ಕಂಬಗಳ ಮೇಲೆ ಕೂರುವಂತೆ ಕಬ್ಬಿಣದ ಚೌಕಟ್ಟು ಮಾಡಿಸಿ, ಅದಕ್ಕೂ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ತೋರಿಸಿ. ಈ ಒಂದು ಖರ್ಚಿನಲ್ಲಿ ಉಳಿತಾಯ ಮಾಡಬಾರದು.

ನೀರು ಯಾವುದು?

ಬೆಂಗಳೂರಿನ ಒಂದೇ ಮನೆಗೆ ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಎಂಬ ಮೂರು ಬಗೆಯ ನೀರು ಬಂದು ಒಂದೇ ಸಂಪಿನಲ್ಲಿ ಬೆರೆಯುವುದುಂಟು. ತೊರೆಕಾಡನಹಳ್ಳಿಯ ಶುದ್ಧೀಕರಣ ಘಟಕದಿಂದ ಬರುವ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದು ಮೀನಿನ ಕಿವಿರುಗಳನ್ನು ಸುಡುವುದಲ್ಲದೆ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಆ ನೀರನ್ನು ತೆರೆದ ಡ್ರಮ್ಮಿನಲ್ಲಿ ಗಾಳಿ ಊದುತ್ತ ಒಂದು ದಿನ ಬಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ತುರ್ತಿದ್ದರೆ ಸೋಡಿಯಂ ಥಯೋಸಲ್ಫೇಟ್, ಅಂದರೆ ಹೈಪೋ ಹರಳು, ಸಾವಿರ ಲೀಟರಿಗೆ 7 ಗ್ರಾಂ ಹಾಕಿದರೆ ಲೀಟರಿಗೆ 1 ಮಿ.ಗ್ರಾಂನಷ್ಟು ಕ್ಲೋರಿನ್ ನಿಷ್ಕ್ರಿಯವಾಗುತ್ತದೆ. ಟ್ಯಾಂಕರ್ ನೀರಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಬಿದ್ದಿದೆಯೆಂದು ಹೇಳಲಾಗದು; ಆದ್ದರಿಂದ ಅದನ್ನು ಪರೀಕ್ಷಿಸದೆ ತೊಟ್ಟಿಗೆ ಬಿಡಬೇಡಿ.

ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ನಿನ ತೊಂದರೆಯಿಲ್ಲ, ಆದರೆ ಗಡಸುತನ ಹೆಚ್ಚು. ಪೈಪಿನಿಂದ ಬಂದಾಗ ಪಿ.ಎಚ್. (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬುದರ ಅಳತೆ) 7ರ ಆಸುಪಾಸಿನಲ್ಲಿದ್ದುದು, ಕರಗಿದ್ದ ಇಂಗಾಲದ ಡೈಆಕ್ಸೈಡ್ ಹೊರಹೋದಂತೆ ಮಾರನೆಯ ದಿನ 8ಕ್ಕೆ ಏರಿರುತ್ತದೆ. ಹಾಗಾಗಿ ಬೋರ್ ನೀರನ್ನು ಹಿಡಿದ ತಕ್ಷಣ ಅಳೆಯುವುದರಿಂದ ಪ್ರಯೋಜನವಿಲ್ಲ, ಒಂದು ರಾತ್ರಿ ಬಿಟ್ಟು ಅಳೆಯಬೇಕು. ಈ ಏರಿಕೆ ಏಕೆ ಮುಖ್ಯವೆಂದರೆ, 25 ಡಿಗ್ರಿ ಶಾಖದ ನೀರಿನಲ್ಲಿ ಪಿ.ಎಚ್. 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ ವಿಷರೂಪದಲ್ಲಿರುತ್ತದೆ, ಪಿ.ಎಚ್. 8 ಆದರೆ ಅದು ನೂರಕ್ಕೆ ಐದು ಪಾಲನ್ನು ದಾಟುತ್ತದೆ. ಅಮೋನಿಯಾ ಪರೀಕ್ಷೆಯ ಬಣ್ಣ ಎರಡು ಮನೆಗಳಲ್ಲೂ ಒಂದೇ ತೋರಿಸಿದರೂ ಒಂದು ಮನೆಯ ಮೀನು ಆರೋಗ್ಯವಾಗಿದ್ದು ಇನ್ನೊಂದು ಮನೆಯ ಮೀನು ಸಾಯುವುದಕ್ಕೆ ಇದೇ ಕಾರಣ.

ಗಡಸು ನೀರಿಗೆ ಅತ್ಯುತ್ತಮ ಪರಿಹಾರ ಮಳೆನೀರು. ಮಳೆನೀರು ಕೊಯ್ಲಿನ ಏರ್ಪಾಡು ಈಗ ಅನೇಕ ಮನೆಗಳಲ್ಲಿ ಇದ್ದೇ ಇದೆ. ಮೊದಲ ಮಳೆಯ ಕೊಳೆ ತೊಳೆದುಹೋಗಲು ಬಿಟ್ಟು, ಆಮೇಲಿನ ನೀರನ್ನು ಹಿಡಿದು, ಬೋರ್ ನೀರಿನೊಂದಿಗೆ ಅರ್ಧಕ್ಕರ್ಧ ಬೆರೆಸಿದರೆ ಪಿ.ಎಚ್. ಹಿಡಿತಕ್ಕೆ ಬರುತ್ತದೆ, ಗಿಡಕ್ಕೆ ಬೇಕಾದ ಕ್ಯಾಲ್ಸಿಯಂ ಕೂಡ ಉಳಿಯುತ್ತದೆ. ಇಲ್ಲಿ ಎರಡು ನೀರುಗಳನ್ನು ಸ್ಪಷ್ಟವಾಗಿ ಬೇಡವೆನ್ನುತ್ತೇನೆ. ಆರ್.ಒ. ಯಂತ್ರ ಹೊರಬಿಡುವ ತ್ಯಾಜ್ಯ ನೀರಿನಲ್ಲಿ ಲವಣಗಳು ಸಾಂದ್ರವಾಗಿರುತ್ತವೆ. ಅಪಾರ್ಟ್‌ಮೆಂಟುಗಳಲ್ಲಿ ಉಪ್ಪು ಹಾಕಿ ನಡೆಸುವ ಸಾಫ್ಟ್‌ನರ್‌ನಿಂದ ಬಂದ ನೀರಿನಲ್ಲಿ ಕ್ಯಾಲ್ಸಿಯಂ ಹೋಗಿ ಸೋಡಿಯಂ ಸೇರಿರುತ್ತದೆ, ಅದು ತಿಂಗಳುಗಳಲ್ಲಿ ಸಂಗ್ರಹವಾಗಿ ಗಿಡಗಳನ್ನು ಕುಗ್ಗಿಸುತ್ತದೆ. ಪಿ.ಎಚ್. ಇಳಿಸಲು ನಿಂಬೆರಸ, ಹುಣಸೆಹುಳಿಗಳನ್ನೂ ಬಳಸಬೇಡಿ. ಅವುಗಳ ಪರಿಣಾಮ ಬಹುಕಾಲ ಉಳಿಯುವುದಿಲ್ಲ, ಮೇಲಾಗಿ ಸಿಟ್ರಿಕ್ ಆಮ್ಲ ಬ್ಯಾಕ್ಟೀರಿಯಾಗಳಿಗೆ ಹಾನಿ ಮಾಡುತ್ತದೆ.

ಜೋಡಣೆ

ಆಹಾರ ಪದಾರ್ಥ ತುಂಬಿದ್ದ ನೀಲಿ ಡ್ರಮ್ ಅಥವಾ ಹೊಸ ಸಿಂಟೆಕ್ಸ್ ತೊಟ್ಟಿ ಆಗಬಹುದು; ರಾಸಾಯನಿಕ ತುಂಬಿದ್ದ ಹಳೆಯ ಡ್ರಮ್ ಎಷ್ಟು ಅಗ್ಗವಾದರೂ ಬೇಡ. ಬೆಳಕು ತೂರುವ ತೊಟ್ಟಿಯಾದರೆ ಹೊರಮೈಗೆ ಬಣ್ಣ ಬಳಿಯಿರಿ, ಇಲ್ಲವಾದರೆ ನೀರು ಪಾಚಿಗಟ್ಟುತ್ತದೆ. ಪೈಪು ಮತ್ತು ಜೋಡಣೆಯ ಸಾಮಾನುಗಳೆಲ್ಲ ಎಸ್.ಜೆ.ಪಿ. ರಸ್ತೆಯಲ್ಲಿ ಸಿಗುತ್ತವೆ. ಜಲ್ಲಿಯನ್ನು ಕೊಳ್ಳುವಾಗ 12ರಿಂದ 20 ಮಿ.ಮೀ. ಅಳತೆಯದನ್ನು ಕೇಳಿ. ನಮ್ಮ ಕಡೆಯ ಗ್ರಾನೈಟ್ ಜಲ್ಲಿ ನೀರಿನ ಗುಣವನ್ನು ಬದಲಿಸುವುದಿಲ್ಲ. ಅನುಮಾನವಿದ್ದರೆ ನಾಲ್ಕು ಕಲ್ಲಿನ ಮೇಲೆ ವಿನಿಗರ್ ಸುರಿದು ನೋಡಿ, ನೊರೆಗುಳ್ಳೆ ಎದ್ದರೆ ಅದರಲ್ಲಿ ಸುಣ್ಣವಿದೆ ಎಂದರ್ಥ, ಅದನ್ನು ಬಿಡಿ. ಜಲ್ಲಿಪುಡಿ ಒಂದಿಷ್ಟೂ ಉಳಿಯದಂತೆ, ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಬೇಸರದ ಕೆಲಸ ಇದು, ಆದರೆ ಇಲ್ಲಿ ಸೋಮಾರಿತನ ಮಾಡಿದರೆ ಮುಂದೆ ಪಂಪು ಕಟ್ಟಿಕೊಳ್ಳುತ್ತದೆ.

ಪಂಪು ಗಂಟೆಗೆ ಒಮ್ಮೆ ತೊಟ್ಟಿಯ ನೀರನ್ನೆಲ್ಲ ಸುತ್ತಿಸುವಷ್ಟು ಶಕ್ತವಾಗಿರಬೇಕು. ಡಬ್ಬಿಯ ಮೇಲೆ ಬರೆದ ಲೀಟರುಗಳು ಎತ್ತರವೇ ಇಲ್ಲದಾಗಿನ ಲೆಕ್ಕ; ಒಂದೂವರೆ ಮೀಟರ್ ಮೇಲಕ್ಕೆ ಎತ್ತುವಾಗ ಅದರ ಸಣ್ಣ ಪಾಲು ಮಾತ್ರ ಉಳಿಯುತ್ತದೆ. ಹಾಗಾಗಿ ಡಬ್ಬಿಯ ಮೇಲೆ ಗಂಟೆಗೆ 1,500 ಲೀಟರ್, ಗರಿಷ್ಠ ಎತ್ತರ ಎರಡೂವರೆ ಮೀಟರ್ ಅಥವಾ ಹೆಚ್ಚು ಎಂದಿರುವುದನ್ನು ಕೊಳ್ಳಿ. ಪಂಪನ್ನು ತೊಟ್ಟಿಯ ತಳದಲ್ಲಿಡದೆ ಎರಡು ಇಟ್ಟಿಗೆಗಳ ಮೇಲೆ ಕೂರಿಸಿ. ರಾತ್ರಿ ಪೈಪು ಕಳಚಿ ನೀರೆಲ್ಲ ಹೊರಗೆ ಹರಿದರೂ ಪಂಪಿನ ಬಾಯಿಗಿಂತ ಕೆಳಗಿನ ನೀರು ಉಳಿಯುತ್ತದೆ, ಮೀನುಗಳು ಬೆಳಗಿನವರೆಗೆ ಬದುಕಿರುತ್ತವೆ. ವಿದ್ಯುತ್ ಸಂಪರ್ಕಕ್ಕೆ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. (ಕರೆಂಟು ಸೋರಿದ ಕೂಡಲೇ ಸಂಪರ್ಕ ಕಡಿಯುವ ಸಾಧನ) ಇರಲೇಬೇಕು, ನೀರಿನಲ್ಲಿ ಕೈಯಿಡುವ ಮುನ್ನ ಸ್ವಿಚ್ಚು ಆರಿಸುವುದನ್ನು ಮನೆಮಂದಿಗೆಲ್ಲ ರೂಢಿ ಮಾಡಿಸಿ.

ಮಡಿ ತುಂಬಿ, ತಾನಾಗಿ ಬರಿದಾಗಿ, ಮತ್ತೆ ತುಂಬಬೇಕು; ಬರಿದಾದಾಗಲೆಲ್ಲ ಬೇರುಗಳಿಗೂ ಬ್ಯಾಕ್ಟೀರಿಯಾಗಳಿಗೂ ಗಾಳಿ ಸಿಗುತ್ತದೆ. ಇದಕ್ಕೆ ಬೆಲ್ ಸೈಫನ್ ಮಾಡಿಕೊಳ್ಳಬೇಕು. ಮಡಿಯ ತಳದಿಂದ ಮೇಲೆದ್ದ ಒಂದು ಇಂಚಿನ ಪೈಪು 25 ಸೆಂ.ಮೀ. ಎತ್ತರವಿರಲಿ. ಹೀಗೆ ಮಾಡಿದರೆ ಜಲ್ಲಿಯ ಮೇಲಿನ ಐದು ಸೆಂ.ಮೀ. ಯಾವಾಗಲೂ ಒಣಗಿರುತ್ತದೆ, ಅಲ್ಲಿ ಪಾಚಿ ಹಿಡಿಯುವುದಿಲ್ಲ, ಸೊಳ್ಳೆ ಮೊಟ್ಟೆಯಿಡುವುದಿಲ್ಲ. ಅದರ ಮೇಲೆ, ತಲೆ ಮುಚ್ಚಿದ ಎರಡೂವರೆ ಇಂಚಿನ ಪೈಪನ್ನು ಗಂಟೆಯಂತೆ ಬೋರಲು ಹಾಕಿ, ಅದರ ಬುಡದಲ್ಲಿ ನೀರು ನುಗ್ಗಲು ಕಚ್ಚುಗಳನ್ನು ಕೊಯ್ಯಿರಿ. ಇವೆರಡನ್ನೂ ಸುತ್ತುವರಿಯುವಂತೆ, ತೂತು ಕೊರೆದ ನಾಲ್ಕಿಂಚಿನ ಪೈಪನ್ನು ನಿಲ್ಲಿಸಿದರೆ ಜಲ್ಲಿ ಒಳಗೆ ಬೀಳುವುದಿಲ್ಲ. ನೀರು ಒಳಪೈಪಿನ ಬಾಯಿ ಮುಟ್ಟಿದಾಗ ಮೊದಲು ಸಣ್ಣಗೆ ಜಿನುಗುತ್ತದೆ, ಆಮೇಲೆ ಗೊಳಗೊಳನೆ ಸದ್ದಾಗಿ ಎಳೆತ ಹಿಡಿಯುತ್ತದೆ, ಕೆಲವು ನಿಮಿಷಗಳಲ್ಲಿ ಮಡಿ ಬರಿದಾಗಿ, ಬುಡದ ಕಚ್ಚುಗಳಿಂದ ಗಾಳಿ ಒಳಹೊಕ್ಕಾಗ ನಿಲ್ಲುತ್ತದೆ. ಜಿನುಗುತ್ತಲೇ ಇದ್ದು ಎಳೆತ ಹಿಡಿಯದಿದ್ದರೆ ಒಳಹರಿವು ಕಡಿಮೆಯಾಯಿತೆಂದು ತಿಳಿದು ವಾಲ್ವನ್ನು ತುಸು ತೆರೆಯಿರಿ, ಅಥವಾ ಹೊರಬೀಳುವ ಪೈಪಿನ ತುದಿಗೆ ಒಂದು ಎಲ್ಬೋ ಹಾಕಿ. ಬರಿದಾದ ಮೇಲೂ ಎಳೆತ ನಿಲ್ಲದೆ ನೀರು ಸೋರುತ್ತಲೇ ಇದ್ದರೆ ಒಳಹರಿವು ಹೆಚ್ಚಾಗಿದೆ ಅಥವಾ ಕಚ್ಚುಗಳಿಗೆ ಬೇರು ಸುತ್ತಿಕೊಂಡಿದೆ. ಬೇರು ಬಿಡಿಸುವ ಕೆಲಸ ತಿಂಗಳಿಗೊಮ್ಮೆ ಇದ್ದದ್ದೇ.

ಮೀನಿಲ್ಲದ ಆರು ವಾರ

ನೀರು ಸುತ್ತತೊಡಗಿದ ದಿನವೇ ಮೀನು ತರಬಾರದು. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು, ಏಕೆಂದರೆ ಮನೆಯ ಮಕ್ಕಳು ಕಾಯಲು ಒಪ್ಪುವುದಿಲ್ಲ. ದಿನಕ್ಕೆ ಒಂದೆರಡು ಚಿಟಿಕೆ ಮೀನಿನ ಆಹಾರವನ್ನು ಖಾಲಿ ತೊಟ್ಟಿಗೇ ಹಾಕಿ. ಅದು ಕೊಳೆತು ಅಮೋನಿಯಾ ಹುಟ್ಟುತ್ತದೆ, ಅದನ್ನು ಲೀಟರಿಗೆ 2ರಿಂದ 3 ಮಿ.ಗ್ರಾಂ ಮಟ್ಟದಲ್ಲಿಡಬೇಕು. ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಅದರ ಬೆನ್ನಿಗೆ ನೈಟ್ರೈಟ್ ಏರಿ ಇಳಿಯುತ್ತದೆ, ಕೊನೆಗೆ ನೈಟ್ರೇಟ್ ಕಾಣಿಸಿಕೊಳ್ಳುತ್ತದೆ. 2 ಮಿ.ಗ್ರಾಂ ಇದ್ದ ಅಮೋನಿಯಾ ಒಂದು ಹಗಲು ಒಂದು ರಾತ್ರಿಯೊಳಗೆ ಇಲ್ಲವಾಗಿ, ನೈಟ್ರೈಟ್ ಕೂಡ ಸೊನ್ನೆ ತೋರಿಸಿದಾಗ ತೊಟ್ಟಿ ಸಿದ್ಧವಾಯಿತೆಂದು ತಿಳಿಯಬೇಕು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ, ಚಳಿಗಾಲದಲ್ಲಿ ಇನ್ನೂ ಹೆಚ್ಚು. ಈಗಾಗಲೇ ನಡೆಯುತ್ತಿರುವ ತೊಟ್ಟಿಯೊಂದರಿಂದ ಒಂದು ಬಕೆಟ್ ಜಲ್ಲಿ ಸಿಕ್ಕರೆ ಕಾಲ ಕಡಿಮೆಯಾಗುತ್ತದೆ. ಪರೀಕ್ಷೆಗೆ ನೀರಿನಲ್ಲಿ ಅದ್ದುವ ಕಾಗದದ ಪಟ್ಟಿಗಿಂತ ಹನಿ ಹಾಕಿ ನೋಡುವ ದ್ರವದ ಕಿಟ್ ಹೆಚ್ಚು ನಂಬಿಕೆಗೆ ಅರ್ಹ.

ತಾರಸಿ ತೋಟ ಮಾಡಿ ಅನುಭವವಿರುವವರಿಗೆ ಇಲ್ಲೊಂದು ಎಚ್ಚರಿಕೆ. ಜೀವಾಮೃತ, ಸಗಣಿ ಗಂಜಲ, ಬೇವಿನ ಹಿಂಡಿ ಇವೆಲ್ಲ ಮಣ್ಣಿಗೆ ಒಳ್ಳೆಯವು, ಈ ನೀರಿಗಲ್ಲ. ಸಗಣಿ ಕರಗಿದ ನೀರು ಆಮ್ಲಜನಕವನ್ನು ಕಬಳಿಸುತ್ತದೆ, ಹಸಿಯಾಗಿ ತಿನ್ನುವ ಸೊಪ್ಪಿಗೆ ರೋಗಾಣು ಮುಟ್ಟಿಸುತ್ತದೆ. ಬೇವು ಮೀನಿಗೆ ವಿಷ.

ನನ್ನ ಸಲಹೆಯೆಂದರೆ ಈ ಕೆಲಸವನ್ನು ಮೇ ತಿಂಗಳಲ್ಲಿ ಆರಂಭಿಸುವುದು. ಆಗ ಬೀಳುವ ಗುಡುಗು ಮಳೆಯ ನೀರು ಸಿಗುತ್ತದೆ, ಬೆಚ್ಚಗಿನ ಹವೆಯಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ, ಜುಲೈ ಹೊತ್ತಿಗೆ ಮೀನುಮರಿಗಳ ಕಾಲವೂ ಬಂದಿರುತ್ತದೆ.

ಮೀನು ಮತ್ತು ಸೊಪ್ಪು

ಮೀನು ತಿನ್ನುವ ಮನೆಯವರಿಗೆ ನಮ್ಮ ಹವೆಗೆ ಹೊಂದುವುದು ಸಾಮಾನ್ಯ ಗೆಂಡೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹವೆ 15–16 ಡಿಗ್ರಿಗೆ ಇಳಿದರೂ ಅದು ತಡೆದುಕೊಳ್ಳುತ್ತದೆ. 20 ಮರಿಗಳನ್ನು ಬಿಟ್ಟು, ಒಂದೊಂದು 250 ಗ್ರಾಂ ತಲುಪುವ ಹೊತ್ತಿಗೆ ದೊಡ್ಡದನ್ನು ಹಿಡಿಯತೊಡಗಿ. ಕಾಟ್ಲಾ, ರೋಹುಗಳಿಗೆ ಈ ತೊಟ್ಟಿ ಇಕ್ಕಟ್ಟು. ಜಿಲೇಬಿ ಮೀನು ಗಟ್ಟಿ ಜೀವವೇನೋ ಹೌದು, ಆದರೆ ಚಳಿಯಲ್ಲಿ ಮೇವು ಬಿಡುತ್ತದೆ, ಮಿತಿಯಿಲ್ಲದೆ ಮರಿ ಹಾಕುತ್ತದೆ, ಸುಧಾರಿತ ತಳಿಯನ್ನು ಸಾಕಲು ಸರಕಾರದ ಅನುಮತಿಯೂ ಬೇಕು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ದೇಶದಲ್ಲಿ ನಿಷೇಧವಿದೆ. ಮೀನು ತಿನ್ನದ ಮನೆಯವರು ಗೋಲ್ಡ್‌ಫಿಶ್ ಸಾಕಬಹುದು. ಸೊಪ್ಪಿಗೆ ಅದರಿಂದ ಕೊರತೆಯೇನೂ ಆಗದು. ಕೆರೆಯಿಂದ ಹಿಡಿದ ಮೀನನ್ನು ಮಾತ್ರ ತರಬೇಡಿ, ಅದರೊಂದಿಗೆ ಪರಾವಲಂಬಿಗಳೂ ಬರುತ್ತವೆ. ನಿಮ್ಮ ತೊಟ್ಟಿಯ ಮೀನನ್ನು ಕೆರೆಗೂ ಬಿಡಬೇಡಿ. ಹೊಸ ಮೀನು ಎಲ್ಲಿಂದಲೇ ಬರಲಿ, ಎರಡು ವಾರ ಬೇರೆ ಟಬ್ಬಿನಲ್ಲಿಟ್ಟು ನೋಡಿ.

ಗಿಡಗಳಲ್ಲಿ ಹೊನಗೊನ್ನೆ, ಒಂದೆಲಗ, ಪುದಿನ, ಬಸಳೆಗಳಿಂದ ಆರಂಭಿಸುವುದು ಜಾಣತನ. ಹೊನಗೊನ್ನೆಯೂ ಒಂದೆಲಗವೂ ಕೆರೆಯಂಚಿನ, ಗದ್ದೆಬದುವಿನ ಗಿಡಗಳೇ ಆದ್ದರಿಂದ ಒದ್ದೆ ಬೇರಿಗೆ ಹೆದರುವುದಿಲ್ಲ. ದಂಟು, ಪಾಲಕ್, ಕೊತ್ತಂಬರಿ ಎರಡನೆಯ ಸುತ್ತಿಗೆ. ಟೊಮೆಟೊ, ಮೆಣಸಿನಕಾಯಿಗಳನ್ನು ತೊಟ್ಟಿಗೆ ಆರು ತಿಂಗಳು ತುಂಬಿದ ಮೇಲೆ ಹಾಕಿ. ಕ್ಯಾರೆಟ್, ಮೂಲಂಗಿಯಂಥ ಗಡ್ಡೆಗಳು ಜಲ್ಲಿಯಲ್ಲಿ ಸೊಟ್ಟಗಾಗುತ್ತವೆ.

ತೊಂದರೆ ಬಂದಾಗ

ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸುತ್ತಿದ್ದರೆ ಮೊದಲು ಆಮ್ಲಜನಕವನ್ನು ಅನುಮಾನಿಸಿ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ನಮ್ಮ ಊರಿನಲ್ಲಿ ಗಾಳಿಯ ಒತ್ತಡವೇ ಕಡಿಮೆ. 25 ಡಿಗ್ರಿಯ ನೀರು ಕರಾವಳಿಯಲ್ಲಿ ಲೀಟರಿಗೆ 8 ಮಿ.ಗ್ರಾಂಗೂ ಹೆಚ್ಚು ಆಮ್ಲಜನಕ ಹಿಡಿದರೆ ಇಲ್ಲಿ ಸುಮಾರು ಏಳೂವರೆಯಷ್ಟೇ ಹಿಡಿಯುತ್ತದೆ. ಏಪ್ರಿಲ್‌ನ ಬಿಸಿಲಿಗೆ ನೀರು ಕಾದಾಗ ಅದು ಇನ್ನೂ ಇಳಿಯುತ್ತದೆ. ಆದ್ದರಿಂದ ನೀರಿನ ಪಂಪಿನ ಜೊತೆಗೆ ಪ್ರತ್ಯೇಕ ಗಾಳಿಯಂತ್ರ ಬೇಕೇ ಬೇಕು, ಅದು ಕರೆಂಟು ಹೋದಾಗಲೂ ನಡೆಯಬೇಕು. ಎಸ್.ಪಿ. ರಸ್ತೆಯಲ್ಲಿ ಸಿಗುವ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ 5 ವಾಟಿನ ಡಿ.ಸಿ. ಗಾಳಿಯಂತ್ರವನ್ನು ಎಂಟು ಗಂಟೆ ನಡೆಸಬಲ್ಲದು. ಮಳೆಗಾಲದಲ್ಲಿ ಮರದ ಕೊಂಬೆ ತಂತಿಯ ಮೇಲೆ ಬಿದ್ದ ರಾತ್ರಿ ಮೀನುಗಳ ಜೀವ ಉಳಿಸುವುದು ಇದೊಂದೇ.

ಗಾಳಿ ಚೆನ್ನಾಗಿದ್ದೂ ಮೀನು ಏದುಸಿರು ಬಿಡುತ್ತಿದ್ದರೆ ಅದು ನೈಟ್ರೈಟ್. ಅದು ರಕ್ತವನ್ನು ಕಂದಾಗಿಸಿ ಆಮ್ಲಜನಕ ಹೊರುವ ಶಕ್ತಿಯನ್ನು ಕುಂದಿಸುತ್ತದೆ. ಅಯೋಡಿನ್ ಬೆರೆಸದ ಕಲ್ಲುಪ್ಪನ್ನು ಲೀಟರಿಗೆ 1 ಗ್ರಾಂನಂತೆ ಕರಗಿಸಿ ಹಾಕಿದರೆ ಉಪ್ಪಿನ ಕ್ಲೋರೈಡ್ ನೈಟ್ರೈಟನ್ನು ಕಿವಿರಿನಲ್ಲೇ ತಡೆಯುತ್ತದೆ. ಇದು ತಾತ್ಕಾಲಿಕ ಉಪಾಯ, ಪದೇ ಪದೇ ಮಾಡಿದರೆ ಗಿಡಗಳು ಸೊರಗುತ್ತವೆ.

ಅಮೋನಿಯಾ ಲೀಟರಿಗೆ 1 ಮಿ.ಗ್ರಾಂ ದಾಟಿದರೆ ಮೊದಲು ಆಹಾರ ನಿಲ್ಲಿಸಿ. ಆಮೇಲೆ ಮೂರನೆಯ ಒಂದು ಭಾಗ ನೀರನ್ನು, ಕ್ಲೋರಿನ್ ತೆಗೆದ ನೀರಿನಿಂದ ಬದಲಿಸಿ, ಮೂಲೆಯಲ್ಲಿ ಸತ್ತ ಮೀನು ಸಿಕ್ಕಿಕೊಂಡಿದೆಯೇ ಹುಡುಕಿ. ಅತಿಯಾಗಿ ತಿನ್ನಿಸುವುದೇ ಬಹುಪಾಲು ಸಂದರ್ಭಗಳಲ್ಲಿ ಕಾರಣ. ಹತ್ತು–ಹದಿನೈದು ನಿಮಿಷದಲ್ಲಿ ಮುಗಿಸುವಷ್ಟೇ ಹಾಕಿ, ಉಳಿದದ್ದನ್ನು ಜಾಲರಿಯಿಂದ ತೆಗೆಯಿರಿ, ನೀರು 20 ಡಿಗ್ರಿಗೆ ಇಳಿದ ಚಳಿಗಾಲದಲ್ಲಿ ಅರ್ಧಕ್ಕೆ ಇಳಿಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಜಲ್ಲಿಯೊಳಗೆ ಗಾಳಿಯಾಡದ ಗುಂಡಿಯಲ್ಲಿ ಕಸ ಕೊಳೆಯುತ್ತಿದೆ. ಆ ಭಾಗವನ್ನು ಕೆದಕಿ ತೊಳೆಯಿರಿ, ಎರೆಹುಳುಗಳನ್ನು ಬಿಡಿ.

ಹೊಸ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ, ಗಡಸು ಬೋರ್ ನೀರಿನ ಮನೆಗಳಲ್ಲಿ ಇದು ತಪ್ಪದೆ ಬರುತ್ತದೆ. ತುಕ್ಕು ಹಿಡಿದ ಮೊಳೆ ಹಾಕುವುದರಿಂದ ಏನೂ ಆಗದು. ಪಿ.ಎಚ್. ಏಳೂವರೆಗಿಂತ ಮೇಲಿರುವ ನೀರಿನಲ್ಲಿ ಇ.ಡಿ.ಡಿ.ಎಚ್.ಎ. ರೂಪದ (ಆ ಹೆಸರಿನ ರಾಸಾಯನಿಕಕ್ಕೆ ಬೆಸೆದು ಕರಗಿಯೇ ಇರುವಂತೆ ಮಾಡಿದ) ಕಬ್ಬಿಣ ಮಾತ್ರ ಗಿಡಕ್ಕೆ ಸಿಗುತ್ತದೆ, ಶೇ. 6 ಕಬ್ಬಿಣವಿರುವ ಪುಡಿಯಾದರೆ 500 ಲೀಟರಿಗೆ 17 ಗ್ರಾಂ, ಮೂರು ವಾರಕ್ಕೊಮ್ಮೆ. ನೀರು ಕೆಂಪಾಗುತ್ತದೆ, ಗಾಬರಿಯಾಗಬೇಡಿ. ಹಳೆಯ ಎಲೆಗಳ ಅಂಚು ಸುಟ್ಟಂತಾದರೆ ಪೊಟ್ಯಾಸಿಯಂ ಸಾಲದು. ಮಳೆನೀರನ್ನೇ ಬಳಸುವವರಿಗೆ ಗಡಸು ನೀರಿನ ಮನೆಗಳದಕ್ಕೆ ತದ್ವಿರುದ್ಧವಾದ ತೊಂದರೆ ಬರುತ್ತದೆ: ಬ್ಯಾಕ್ಟೀರಿಯಾಗಳ ಕೆಲಸದಿಂದಲೇ ನೀರು ಹುಳಿಯಾಗುತ್ತ ಹೋಗಿ ಪಿ.ಎಚ್. 6.5ಕ್ಕಿಂತ ಕೆಳಗಿಳಿಯುತ್ತದೆ. ಆಗ ಅರಳಿದ ಸುಣ್ಣವನ್ನು ಬಕೆಟ್ಟಿನಲ್ಲಿ ಕದಡಿ, ಒಂದೇ ಸಲ ಸುರಿಯದೆ ಎರಡು ಮೂರು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಸೇರಿಸಬೇಕು. ಗಿಡಗಳಿಗೆ ಹೇನು ಹತ್ತಿದರೆ ನೀರನ್ನು ಚಿಮ್ಮಿಸಿ ಉದುರಿಸಿ. ಯಾವ ಕೀಟನಾಶಕವನ್ನೂ, ಮೈಲುತುತ್ತವನ್ನೂ ಈ ಗಿಡಗಳ ಹತ್ತಿರ ತರಬಾರದು.

ಹಬ್ಬಕ್ಕೆ ಊರಿಗೆ ಹೊರಡುವಾಗ ಪಕ್ಕದ ಮನೆಯವರಿಗೆ ಆಹಾರದ ಡಬ್ಬಿಯನ್ನೇ ಕೊಟ್ಟು ಹೋಗಬೇಡಿ. ಪ್ರೀತಿಯಿಂದ ಅವರು ಹಾಕುವ ಒಂದು ಹಿಡಿಯೇ ತೊಟ್ಟಿಯನ್ನು ಕೆಡಿಸಬಲ್ಲದು. ಎರಡು ದಿನಕ್ಕೆ ಒಂದರಂತೆ ಚಿಕ್ಕ ಪೊಟ್ಟಣಗಳನ್ನು ಕಟ್ಟಿ, ಮೇಲೆ ದಿನ ಬರೆದು ಕೊಡಿ. ಆರೋಗ್ಯವಂತ ಮೀನು ವಾರವಿಡೀ ಉಪವಾಸವಿದ್ದರೂ ಸಾಯುವುದಿಲ್ಲವೆಂದು ತಿಳಿಸಿ. ತೊಟ್ಟಿಯಲ್ಲಿ ಗುಳ್ಳೆ ಏಳುತ್ತಿದೆಯೇ, ಮಡಿಯಿಂದ ನೀರು ಬೀಳುತ್ತಿದೆಯೇ ಎಂಬ ಎರಡನ್ನು ಮಾತ್ರ ಬೆಳಿಗ್ಗೆ ಸಂಜೆ ನೋಡಿದರೆ ಸಾಕು. ಎರಡರಲ್ಲಿ ಒಂದು ನಿಂತಿದ್ದರೂ ಕೂಡಲೇ ಫೋನು ಮಾಡುವಂತೆ ಹೇಳಿ, ಬ್ಯಾಟರಿಯ ಸ್ವಿಚ್ಚು ಎಲ್ಲಿದೆಯೆಂದು ಹೊರಡುವ ಹಿಂದಿನ ದಿನವೇ ಅವರ ಕೈಯಿಂದ ಒಮ್ಮೆ ಹಾಕಿಸಿ ತೋರಿಸಿ.